ಅರಿವಿದ್ದಾಗ ಕೊಟ್ಟ ಮಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಮುಪ್ಪಿನ ಮರೆವಿಗೆ ಅರಳುಮರಳು ಎನ್ನುತ್ತಾರೆ. ವಯಸ್ಸಾದ ಮೇಲೆ ಇದ್ದದ್ದೇ ಎಂದು ಮನೆಯವರು ಸಹಿಸಿಕೊಳ್ಳುವ ಈ ಹೆಸರಿನೊಳಗೇ ಅಲ್ಜೈಮರ್ ಕಾಯಿಲೆಯೂ ಅಡಗಿರುತ್ತದೆ. ಅದಕ್ಕೆ ಮದ್ದು ಸಿಗಬೇಕಾದರೆ ಮನುಷ್ಯರೇ ತಮ್ಮ ಮೈಯನ್ನು ಪ್ರಯೋಗಕ್ಕೆ ಒಡ್ಡಬೇಕು. ಮರೆವು ಕವಿಯುತ್ತಿರುವವರು ಹಾಗೆ ಮೈ ಒಡ್ಡಲು ಒಪ್ಪಬಲ್ಲರೇ, ಅವರ ಪರವಾಗಿ ಮಕ್ಕಳು ಒಪ್ಪಬಹುದೇ ಎಂಬುದು ವೈದ್ಯಕ್ಕಿಂತ ಮೊದಲು ಧರ್ಮದ ಪ್ರಶ್ನೆ.

ಈ ಸೀಮೆಯ ಲಿಂಗಾಯತ ಪರಂಪರೆ ದಾನವನ್ನೂ ದಾಸೋಹವನ್ನೂ ಬೇರೆಯಾಗಿ ಕಾಣುತ್ತದೆ. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯಬಹುದು, ದಾಸೋಹದಲ್ಲಿ ಉಳಿಯಕೂಡದು. ತನು, ಮನ, ಧನ ಮೂರೂ ದಾಸೋಹಕ್ಕೆ ಸಲ್ಲುತ್ತವೆ. ಔಷಧ ಪ್ರಯೋಗ ಬೇಡುವುದು ಇಂಥದೇ ಮನಸ್ಸನ್ನು. ಲೆಕನೆಮ್ಯಾಬ್ ಎಂಬ ಅಲ್ಜೈಮರ್ ಮದ್ದಿನ ದೊಡ್ಡ ಪ್ರಯೋಗದಲ್ಲಿ 1,795 ಜನ 18 ತಿಂಗಳು ಪಾಲ್ಗೊಂಡರು. ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಮದ್ದಿಲ್ಲದ ತೋರಿಕೆಯ ಡೋಸ್. ಮದ್ದು ಪಡೆದವರಲ್ಲಿ ಅರಿವಿನ ಕುಸಿತದ ವೇಗ ಶೇ 27ರಷ್ಟು ತಗ್ಗಿತು, ಕೆಲವರ ಮಿದುಳಿನಲ್ಲಿ ಬಾವೂ ಸಣ್ಣ ರಕ್ತಸ್ರಾವವೂ ಕಂಡವು. ಹೋದ ನೆನಪು ಮರಳುತ್ತದೆಂದು ನಂಬಿಸಿ ಯಾರನ್ನಾದರೂ ಇಂಥ ಪ್ರಯೋಗಕ್ಕೆ ಸೇರಿಸಿದರೆ ಅದು ದಾಸೋಹವಲ್ಲ, ಮೋಸ.

ದೇಹವನ್ನೇ ಕೊಟ್ಟ ಉದಾಹರಣೆ ಬೈಲಹೊಂಗಲದಲ್ಲೇ ಇದೆ. ಅಲ್ಲಿನ ವೈದ್ಯ ಡಾ. ರಾಮಣ್ಣವರ ಅವರು ತಮ್ಮ ದೇಹವನ್ನು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು ಇಚ್ಛಿಸಿ 2008ರಲ್ಲಿ ತೀರಿಕೊಂಡರು. ಆಯುರ್ವೇದ ಕಾಲೇಜಿನ ಅಧ್ಯಾಪಕರಾದ ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಬೈಲಹೊಂಗಲ ಕಿತ್ತೂರು ಚನ್ನಮ್ಮನ ಸಮಾಧಿ ಇರುವ ಊರು. ತೀರಿಕೊಂಡವರಿಗೆ ಮಣ್ಣು ಕೊಡುವುದೇ ಅಲ್ಲಿನ ಲಿಂಗಾಯತರ ವಾಡಿಕೆ. ಆ ವಾಡಿಕೆಗಿಂತ ತಂದೆಯ ಮಾತು ದೊಡ್ಡದೆಂದು ಮಗ ಬಗೆದರು. ಆ ಕೈಗೆ ಎಷ್ಟು ಗಟ್ಟಿತನ ಬೇಕಾಗಿತ್ತೋ!

ಆದರೆ ತೀರಿಕೊಂಡವರು ಮಾತು ಬದಲಿಸುವುದಿಲ್ಲ. ಅಲ್ಜೈಮರ್ ಬಂದವರು ನಿನ್ನೆ ಒಪ್ಪಿ, ಇಂದು ಸೂಜಿ ಕಂಡು ಕೈ ಹಿಂದಕ್ಕೆಳೆಯಬಹುದು. ಭಾರತದ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮತಿ ಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ಸ್ವತಃ ಒಪ್ಪಿಗೆ ಕೊಡಲಾಗದವರ ಪರವಾಗಿ ಕಾನೂನು ಮಾನ್ಯ ಮಾಡಿದ ಪ್ರತಿನಿಧಿ ಸಹಿ ಹಾಕಬಹುದು. ಹಿಂದಕ್ಕೆಳೆದ ಕೈಗೆ ಆ ಸಹಿ ಉತ್ತರವಾಗದು. ಶರಣರು ಅರಿವಿಗೆ ಗುರುವಿನ ಸ್ಥಾನ ಕೊಟ್ಟರು. ಹಾಗೆಂದು ಅರಿವು ಮಸುಕಾದವರ ಮಾತಿಗೆ ಬೆಲೆಯಿಲ್ಲ ಎನ್ನಲಾಗದು: ಕೊರಳಲ್ಲಿ ಇಷ್ಟಲಿಂಗವಿರುವ ಮೈ ಮರೆವಿನಿಂದ ಕೀಳಾಗುವುದಿಲ್ಲ, ಆ ಮೈ ಬೇಡವೆಂದರೆ ಬೇಡವೆಂದೇ ಅರ್ಥ. ಹೂಂ ಎನ್ನಲು ಅರಿವು ಬೇಕು, ಒಲ್ಲೆ ಎನ್ನಲು ಜೀವವಿದ್ದರೆ ಸಾಕು.

ಆದ್ದರಿಂದ ಕೇಳುವ ಕಾಲ ಕಾಯಿಲೆಯ ಮೊದಲ ಹಂತ, ಇಲ್ಲವೇ ಅದಕ್ಕೂ ಮೊದಲು. ಮನೆಯವರೆಲ್ಲ ಕೂತು, ಅವರವರ ಮಾತಿನಲ್ಲೇ ವಿವರಿಸಿ, ಬೇಕಾದಾಗ ಬಿಟ್ಟುಬರಬಹುದೆಂದು ತಿಳಿಸಿ ಕೇಳಬೇಕು. ಬದುಕಿರುವಾಗ ಪ್ರಯೋಗಕ್ಕೆ ಸೇರಲು ಒಲ್ಲದವರಿಗೆ ಇನ್ನೊಂದು ದಾರಿಯಿದೆ: ತೀರಿಕೊಂಡ ಮೇಲೆ ಮಿದುಳನ್ನು ಸಂಶೋಧನೆಗೆ ಕೊಡುವುದು. 1906ರಲ್ಲಿ ಅಲೋಯ್ಸ್ ಅಲ್ಜೈಮರ್ ಈ ಕಾಯಿಲೆಯ ಗುರುತು ಕಂಡದ್ದು ತೀರಿಕೊಂಡ ಮಹಿಳೆಯೊಬ್ಬರ ಮಿದುಳಿನಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮಿದುಳನ್ನಷ್ಟೇ ತೆಗೆದುಕೊಂಡಾಗ ದೇಹ ಮನೆಯವರಿಗೆ ಮರಳುತ್ತದೆ, ವಿಭೂತಿ ಹಚ್ಚಿ ಸಮಾಧಿ ಮಾಡಲು ಅಡ್ಡಿಯಿಲ್ಲ.