ಅವಧಾನದ ಋಣ

“ಗಮನ ಕೊಡು” ಎಂದು ಮಗುವನ್ನು ಗದರಿಸುವುದು ನಮಗೆ ರೂಢಿ. ನಮ್ಮ ಹಳೆಯ ಕವಿಗಳಾದರೋ “ಅವಧರಿಸು” ಎಂದು ಬಿನ್ನವಿಸುತ್ತಿದ್ದರು. ಅವಧಾನವು ಆಜ್ಞೆಗೆ ಒಲಿಯುವುದಲ್ಲ.

1900ರ ಸುಮಾರಿಗೆ ರೋಮಿನಲ್ಲಿ ಮಾರಿಯಾ ಮಾಂಟೆಸರಿಯವರು ಬುದ್ಧಿಮಾಂದ್ಯರೆನಿಸಿದ ಮಕ್ಕಳಿಗೆ ಮುಟ್ಟಿ ತಿಳಿಯುವ ವಸ್ತುಗಳನ್ನು ಕೊಟ್ಟರು. ಕೈಗೆ ಕೆಲಸ ಸಿಕ್ಕಿತು. ಅಲೆಯುವ ಮನಸ್ಸು ನೆಲೆನಿಂತಿತು. 1907ರಲ್ಲಿ ಅದೇ ಕ್ರಮವನ್ನು ಅವರು ಇತರ ಮಕ್ಕಳಿಗೂ ತಂದರು. ಜಾಣರೆನಿಸಿದವರು ಇಂದು ನಡೆಯುತ್ತಿರುವುದು, ದಡ್ಡರೆಂದು ದೂರವಿಟ್ಟವರು ತೋರಿದ ದಾರಿಯಲ್ಲಿ!

ವಿಶೇಷ ಶಾಲೆಯ ಒಳ್ಳೆಯ ಉಪಾಧ್ಯಾಯರು ಮಗುವಿನ ಮುಂದೆ ಒಂದೇ ವಸ್ತುವನ್ನಿಟ್ಟು, ಒಂದೇ ಮಾತು ಹೇಳಿ ಕಾಯುತ್ತಾರೆ. ಈ ಕಾಯುವಿಕೆ ದಯೆಯೇ? ಅಲ್ಲ, ಋಣಸಂದಾಯ. ಮಗುವಿನ ಗಮನವನ್ನು ಅಳೆಯುವ ಮುನ್ನ, ನಾವು ಅದಕ್ಕೆ ಕೊಟ್ಟ ಗಮನವೆಷ್ಟು ಎಂದು ಕೇಳಿಕೊಳ್ಳುವುದು ನ್ಯಾಯ.