ಆಡುವವನೇ ಗುರುವಾಗಬಹುದೇ?

ತಂಡವೊಂದರಲ್ಲಿ ತಾನೂ ಆಡುತ್ತ, ಅದೇ ತಂಡಕ್ಕೆ ತರಬೇತಿಯನ್ನೂ ನೀಡುವವನನ್ನು ಆಟಗಾರ-ತರಬೇತುದಾರ ಎಂದು ಕರೆಯಲಾಗುತ್ತದೆ. ಒಪ್ಪಂದ, ಸಂಬಳ ಮತ್ತು ಪ್ರಸಾರದ ಹಕ್ಕುಗಳ ಮೇಲೆ ನಿಂತಿರುವ ಇಂದಿನ ವೃತ್ತಿಪರ ಕ್ರೀಡೆಯಲ್ಲಿ ಇಂಥವನಿಗೆ ಎಡೆಯಿದೆಯೇ ಎಂಬುದನ್ನು ಸಾಮಾನ್ಯವಾಗಿ ಸಮಯ ಮತ್ತು ದೇಹಶಕ್ತಿಯ ಲೆಕ್ಕದಲ್ಲಿ ಚರ್ಚಿಸುವುದು ರೂಢಿ. ಆದರೆ ಈ ಚರ್ಚೆಯ ತಳದಲ್ಲಿ, ಕ್ರಿಯೆಯಲ್ಲಿ ಮುಳುಗಿದವನು ಅದೇ ಕ್ರಿಯೆಯನ್ನು ನಿಷ್ಪಕ್ಷವಾಗಿ ಕಾಣಬಲ್ಲನೇ, ಕಂಡರೂ ಅದರಲ್ಲಿ ತನ್ನ ಪಾಲೆಷ್ಟು ಎಂಬುದನ್ನು ತಾನೇ ತೂಗಬಲ್ಲನೇ ಎಂಬ ಹಳೆಯ ತಾತ್ತ್ವಿಕ ಪ್ರಶ್ನೆಯಿದೆ.

ದಾವಣಗೆರೆ ಮತ್ತು ಹರಿಹರದ ಸೀಮೆಯಲ್ಲಿ ಈ ಪ್ರಶ್ನೆಗೆ ರೂಢಿಯೇ ಕೊಟ್ಟ ಒಂದು ಉತ್ತರ ಗರಡಿಮನೆಯಲ್ಲಿದೆ. ಕುಸ್ತಿ ಕಲಿಸುವ ಉಸ್ತಾದನು ದೂರ ನಿಂತು ಬಾಯಲ್ಲಿ ಹೇಳಿ ಮುಗಿಸುವವನಲ್ಲ. ಕೆಮ್ಮಣ್ಣಿನ ಅಖಾಡಕ್ಕೆ ಇಳಿದು, ಶಿಷ್ಯನ ಮೈಗೆ ಮೈ ಕೊಟ್ಟು, ಪಟ್ಟು ಹಾಕುವುದನ್ನೂ ಅದನ್ನು ಬಿಡಿಸಿಕೊಳ್ಳುವುದನ್ನೂ ತೋರಿಸಿಕೊಡುತ್ತಾನೆ, ಏಕೆಂದರೆ ಎದುರಾಳಿಯ ಭಾರ ಯಾವ ಗಳಿಗೆಯಲ್ಲಿ ಜಾರಿತೆಂಬುದು ಕಣ್ಣಿಗಿಂತ ಮೊದಲು ಮೈಗೆ ತಿಳಿಯುತ್ತದೆ. ಈ ಪದ್ಧತಿಗೆ ಶರಣರ ನಿಲುವಿನಲ್ಲಿ ಗಟ್ಟಿಯಾದ ಸಮರ್ಥನೆ ದೊರೆಯುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ನಡೆ ಮತ್ತು ನುಡಿಗಳು ಒಂದಾಗಿರಬೇಕೆಂದು, ಅಂದರೆ ಆಚರಿಸದವನ ಬೋಧನೆಗೆ ಬೆಲೆಯಿಲ್ಲವೆಂದು ಸಾರಿದರು. ಈ ನಿಲುವನ್ನು ಕ್ರೀಡೆಗೆ ಅನ್ವಯಿಸಿದರೆ, ಆಡುತ್ತಿರುವವನಿಗಿಂತ ಹೆಚ್ಚಿನ ಗುರು ಇರಲಾರನೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಇದಕ್ಕೆ ಎದುರಾದ ಎಳೆ ವೇದಾಂತದ್ದು. ಮುಂಡಕೋಪನಿಷತ್ತು ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳನ್ನು ಚಿತ್ರಿಸುತ್ತದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಮೊದಲನೆಯದರಲ್ಲಿ ಕರ್ತೃವನ್ನು, ಎಂದರೆ ಮಾಡುವವನೂ ಫಲ ಉಣ್ಣುವವನೂ ಆದ ಜೀವವನ್ನು, ಎರಡನೆಯದರಲ್ಲಿ ಸಾಕ್ಷಿಯನ್ನು, ಎಂದರೆ ಅಂಟಿಕೊಳ್ಳದೆ ನೋಡುವ ಅರಿವನ್ನು ವೇದಾಂತಿಗಳು ಗುರುತಿಸಿದ್ದಾರೆ. ಸಾಕ್ಷಿಯ ಸ್ಪಷ್ಟತೆಗೆ ಅದರ ನಿರ್ಲಿಪ್ತತೆಯೇ ಕಾರಣವಾದುದರಿಂದ, ಫಲದ ಆಸೆಯುಳ್ಳ ಆಟಗಾರನು ಇಡೀ ಆಟವನ್ನು ಕಾಣಲಾರನೆಂಬ ವಾದ ಇಲ್ಲಿಂದ ಹುಟ್ಟುತ್ತದೆ. ಆದರೆ ತರಬೇತುದಾರನು ಶುದ್ಧ ಸಾಕ್ಷಿಯೂ ಅಲ್ಲ; ಸಾಕ್ಷಿಯು ಬರಿದೆ ಬೆಳಗುತ್ತದೆ, ತರಬೇತುದಾರನಾದರೋ ತಿದ್ದುತ್ತಾನೆ, ಆಯ್ಕೆ ಮಾಡುತ್ತಾನೆ, ಕೈಬಿಡುತ್ತಾನೆ.

ಮಹಾಭಾರತವು ಈ ಎರಡು ತುದಿಗಳ ನಡುವಿನ ನೆಲವನ್ನು ಇಬ್ಬರು ಗುರುಗಳ ಮೂಲಕ ತೋರಿಸುತ್ತದೆ. ದ್ರೋಣನು ಆಡುವ ಗುರು. ತಾನೇ ಕಲಿಸಿದ ಶಿಷ್ಯರ ಎದುರು ಸೇನಾಪತಿಯಾಗಿ ಐದು ದಿನ ಕಾದಾಡಿದ ಅವನು, ಮಗ ಅಶ್ವತ್ಥಾಮನು ಸತ್ತನೆಂಬ ಮಾತಿಗೆ ಶಸ್ತ್ರ ಕೆಳಗಿಟ್ಟು ಅಳಿದನು. ಕೃಷ್ಣನು ಶಸ್ತ್ರ ಹಿಡಿಯೆನೆಂದು ಮಾತುಕೊಟ್ಟೂ ರಣದ ನಡುವೆಯೇ ರಥ ನಡೆಸಿದನು. ಆದರೂ ಭೀಷ್ಮನ ಮೇಲೆ ಅರ್ಜುನನ ಕೈ ಮೃದುವಾದಾಗ ಚಕ್ರ ಹಿಡಿದು ಧಾವಿಸಿದನು, ಅವನನ್ನು ತಡೆದವನು ಅರ್ಜುನನೇ. ಕಣದಲ್ಲಿ ಪಾಲುಳ್ಳ ಗುರುವಿನ ಬುದ್ಧಿಯನ್ನು ಆ ಪಾಲೇ ಕದಡಬಹುದೆಂಬುದು ಮೊದಲ ಪ್ರಸಂಗದ ಸೂಚನೆಯಾದರೆ, ಹೊರಗೆ ನಿಲ್ಲುವೆನೆಂಬ ಸಂಕಲ್ಪವೂ ಪೂರ್ಣ ತಟಸ್ಥತೆಯನ್ನು ತಾರದೆಂಬುದು ಎರಡನೆಯದರ ಸೂಚನೆ.

ವೃತ್ತಿಪರ ಕ್ರೀಡೆಯ ಚರಿತ್ರೆಯಲ್ಲಿ ಎರಡು ಪಾತ್ರಗಳನ್ನು ಒಟ್ಟಿಗೆ ನಿರ್ವಹಿಸಿ ಗೆದ್ದವರಿದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಿಲ್ ರಸೆಲ್ 1966ರಿಂದ 1969ರವರೆಗೆ ಬೋಸ್ಟನ್ ಸೆಲ್ಟಿಕ್ಸ್ ತಂಡದ ಆಟಗಾರನೂ ತರಬೇತುದಾರನೂ ಆಗಿದ್ದು, 1968 ಮತ್ತು 1969ರಲ್ಲಿ ಪ್ರಶಸ್ತಿ ತಂದುಕೊಟ್ಟನು. ಫುಟ್‌ಬಾಲ್‌ನಲ್ಲಿ ಕೆನ್ನಿ ಡಾಲ್ಗ್ಲಿಶ್ 1985ರಲ್ಲಿ ಲಿವರ್‌ಪೂಲ್‌ನ ಆಟಗಾರ-ವ್ಯವಸ್ಥಾಪಕನಾಗಿ, ಮೊದಲ ಋತುವಿನಲ್ಲೇ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದನು. ಆ ಋತುವಿನ ಲೀಗ್ ಪಂದ್ಯಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಅವನು ತಾನೇ ಆಡಿದನೆಂಬುದು ಗಮನಾರ್ಹ. ತನ್ನನ್ನು ತಾನೇ ಬೆಂಚಿನಲ್ಲಿ ಕೂರಿಸುವುದು ಮೆಚ್ಚತಕ್ಕ ಸಂಯಮವೇ ಆದರೂ, ಒಬ್ಬ ವ್ಯಕ್ತಿಯ ಸಂಯಮವನ್ನೇ ನೆಚ್ಚಿ ಒಂದು ವ್ಯವಸ್ಥೆಯನ್ನು ಕಟ್ಟಲಾಗದು.

ದಾವಣಗೆರೆಯಲ್ಲೇ ಹುಟ್ಟಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಹೆಸರಾದ ಕ್ರಿಕೆಟಿಗ ಆರ್. ವಿನಯ್ ಕುಮಾರ್ ಅವರ ನಿದರ್ಶನ ಇಲ್ಲಿ ಇನ್ನಷ್ಟು ಬೆಳಕು ಬೀರುತ್ತದೆ. ಅವರ ನಾಯಕತ್ವದಲ್ಲಿ ಕರ್ನಾಟಕವು 2013–14 ಮತ್ತು 2014–15ರ ರಣಜಿ ಟ್ರೋಫಿಗಳನ್ನು ಗೆದ್ದಿತು. ತಮಿಳುನಾಡಿನ ವಿರುದ್ಧ 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ನಡೆದ ಫೈನಲ್‌ನಲ್ಲಿ ಅವರು ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತುದಲ್ಲದೆ ಅಜೇಯ 105 ರನ್ ಗಳಿಸಿದರು. ಕ್ರಿಕೆಟ್‌ನಲ್ಲಿ ಬೌಲರನ್ನು ಬದಲಿಸುವ, ಕ್ಷೇತ್ರರಕ್ಷಕರನ್ನು ನಿಲ್ಲಿಸುವ ಅಧಿಕಾರ ನಾಯಕನದಾದುದರಿಂದ, ನಾಯಕನು ಅರೆಪಾಲು ತರಬೇತುದಾರನೇ ಸರಿ. ಆದರೆ ಆ ತಂಡಕ್ಕೆ ಜೆ. ಅರುಣ್‌ಕುಮಾರ್ ತರಬೇತುದಾರರಾಗಿದ್ದರು, ಆಟಗಾರರನ್ನು ಆರಿಸುವ ಹೊಣೆ ಆಯ್ಕೆ ಸಮಿತಿಯದಾಗಿತ್ತು. ವಿನಯ್ ಕುಮಾರ್ ಬೌಲಿಂಗ್ ತರಬೇತುದಾರರಾದುದು 2021ರಲ್ಲಿ ಆಟಕ್ಕೆ ವಿದಾಯ ಹೇಳಿದ ಬಳಿಕ.

ಎರಡು ಪಾತ್ರಗಳನ್ನು ಹೀಗೆ ಬೇರ್ಪಡಿಸಿದ್ದರ ಹಿಂದೆ ಹಲವು ಕಾರಣಗಳಿವೆ. ಪಟಿಯಾಲದಲ್ಲಿ 1961ರಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದ ಮೇಲೆ ಭಾರತದಲ್ಲಿ ತರಬೇತಿಯು ಪ್ರತ್ಯೇಕ ವಿದ್ಯೆಯೂ ವೃತ್ತಿಯೂ ಆಗಿ ಬೆಳೆಯಿತು. ಅಮೆರಿಕದ ಎನ್.ಬಿ.ಎ. ಲೀಗಿನಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಬಂದ ಬಳಿಕ, ತರಬೇತಿಯ ಹೆಸರಿನಲ್ಲಿ ಹೆಚ್ಚಿನ ಹಣ ಕೊಟ್ಟು ಆ ಮಿತಿಯನ್ನು ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಬೇಕಾಯಿತು. ಭಾರತೀಯ ಕ್ರಿಕೆಟ್‌ನಲ್ಲಿ ಆಡಳಿತ ಸುಧಾರಣೆಗಾಗಿ ನೇಮಕಗೊಂಡಿದ್ದ ಲೋಧಾ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡಾಗ, ಹಿತಾಸಕ್ತಿಯ ಸಂಘರ್ಷ, ಎಂದರೆ ಒಬ್ಬನೇ ವ್ಯಕ್ತಿಯ ಎರಡು ಹೊಣೆಗಳು ಒಂದನ್ನೊಂದು ಎಳೆದಾಡುವ ಸ್ಥಿತಿ, ನಿಯಮದ ಮಾತಾಯಿತು.

ಇವೆಲ್ಲವುಗಳ ಹಿನ್ನೆಲೆಯಲ್ಲಿ ನೋಡಿದಾಗ, ತರಬೇತುದಾರನ ಹುದ್ದೆಯೊಳಗೇ ಬೋಧನೆ ಮತ್ತು ನಿರ್ಣಯ ಎಂಬ ಎರಡು ಭಿನ್ನ ಕರ್ಮಗಳು ಅಡಗಿರುವುದು ಕಾಣುತ್ತದೆ. ಬೋಧನೆಗೆ ನಡೆ-ನುಡಿಯ ಐಕ್ಯ ಬೇಕು. ಅಲ್ಲಿ ಆಡುವವನೇ ಉತ್ತಮ ಗುರು. ಯಾರು ಆಡಬೇಕು, ಯಾರು ಕೂರಬೇಕು ಎಂಬ ನಿರ್ಣಯಕ್ಕಾದರೋ ಪಾಲಿಲ್ಲದ ಕಣ್ಣು ಬೇಕು, ಏಕೆಂದರೆ ಅದರಲ್ಲಿ ಇತರರ ಅನ್ನದ ಪ್ರಶ್ನೆಯೂ ಸೇರಿರುತ್ತದೆ. ಉಸ್ತಾದನು ನಿರಾತಂಕವಾಗಿ ಮಣ್ಣಿಗಿಳಿಯಬಲ್ಲನು, ಏಕೆಂದರೆ ಶಿಷ್ಯನು ಜಾತ್ರೆಯ ಕುಸ್ತಿಯಲ್ಲಿ ಗೆಲ್ಲಬೇಕೆಂದಿರುವ ಬಹುಮಾನಕ್ಕೆ ಅವನು ಸ್ಪರ್ಧಿಯಲ್ಲ.

ಬೇರೆಯಾಗಿದ್ದೂ ಒಂದಾಗಿರುವುದಕ್ಕೆ ಇದೇ ಸೀಮೆಯಲ್ಲಿ ಒಂದು ರೂಪಕವಿದೆ. ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯು ಒಂದು ಪಾರ್ಶ್ವದಲ್ಲಿ ಹರ, ಇನ್ನೊಂದರಲ್ಲಿ ಹರಿ. ಇಬ್ಬರಲ್ಲಿ ಯಾರೊಬ್ಬನೂ ಒಂಟಿಯಾಗಿ ಕೊಲ್ಲಲಾಗದ ಗುಹಾಸುರನನ್ನು ವಧಿಸಲು ಅವರು ಈ ರೂಪ ತಳೆದರೆಂದು ಪುರಾಣ ಹೇಳುತ್ತದೆ. ಆದರೂ ಆ ಮೂರ್ತಿಯಲ್ಲಿ ಇಬ್ಬರ ಲಾಂಛನಗಳು ಬೆರೆತುಹೋಗಿಲ್ಲ. ಎರಡು ಪಾತ್ರಗಳ ಐಕ್ಯವು ಅವುಗಳ ಗಡಿ ಅಳಿಸದೆಯೂ ಸಾಧ್ಯವೆಂಬ ಈ ಅರ್ಥವನ್ನು ಕ್ರೀಡೆಗೂ ಹೊಂದಿಸಬಹುದು: ಹಿರಿಯ ಆಟಗಾರನಿಗೆ ಕಲಿಸುವ ಅಧಿಕಾರವನ್ನು ಮುಕ್ತವಾಗಿ ಕೊಟ್ಟು, ಅವನ ಸ್ಥಾನವನ್ನೂ ಒಳಗೊಂಡ ಆಯ್ಕೆಯನ್ನು ಮತ್ತೊಬ್ಬರ ಕೈಯಲ್ಲಿ ಇರಿಸುವ ತಂಡದಲ್ಲಿ ಆಟಗಾರ-ತರಬೇತುದಾರನು ಇಂದಿಗೂ ಸಲ್ಲುತ್ತಾನೆ, ಎರಡೂ ಅಧಿಕಾರಗಳನ್ನು ಒಬ್ಬನಿಗೇ ಒಪ್ಪಿಸುವ ತಂಡದಲ್ಲಿ ಅವನು ಎಷ್ಟೇ ಸಜ್ಜನನಾಗಿದ್ದರೂ ಸಲ್ಲುವುದಿಲ್ಲ.