ಹೆಸರು ಕೇಳಿದ ಮೇಲೆ

ಇಳಕಲ್ಲಿನ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಮಳೆಗಾಲದ ಒಂದು ಸಂಜೆ, ಸುಣ್ಣ ಬಳಿದ ಗೋಡೆಗೆ ಕಪ್ಪೆಯೊಂದು ಅಂಟಿಕೊಂಡು ಕೂತಿತ್ತು. ನೆಲದ ಮೇಲೆ ಕುಪ್ಪಳಿಸುವ ಕಪ್ಪೆ ನನಗೆ ಗೊತ್ತು. ಗೋಡೆ ಏರುವ ಕಪ್ಪೆ ಹೊಸದು. ‘ವಿಷದ್ದ ಇರಬೇಕಪಾ. ಹಂಡೇದಾಗ ಬಿದ್ರ ಏನ್ ಗತಿ?’ ಎಂದಳು ಅವ್ವ. ನಾನು ಹಿಂದುಮುಂದು ನೋಡದೆ ಕುದಿನೀರಿನ ತಂಬಿಗೆ ಎತ್ತಿದೆ. ಅದು ಸತ್ತಿತು.

ಮರುವರ್ಷ ಅದೇ ಗೋಡೆಯ ಮೇಲೆ ಅಂಥದೇ ಇನ್ನೊಂದು. ಈ ಸಲ ಯಾಕೋ ಕೈ ಏಳಲಿಲ್ಲ. ಬ್ಯಾಟರಿ ಬಿಟ್ಟು ನೋಡಿದೆ. ನೆಲಗಪ್ಪೆಯ ಗಂಟುಗಂಟು ಚರ್ಮವಲ್ಲ, ನಯವಾದ ಕಂದು ಮೈ. ಬೆರಳ ತುದಿಗೆಲ್ಲ ಗುಂಡನೆಯ ಬಿಲ್ಲೆಗಳು. ಕಾಲು ಚಾಚಿದಾಗ ತೊಡೆಯ ಒಳಮೈಯಲ್ಲಿ ಹಳದಿ ಚುಕ್ಕೆಗಳು. ಪುಸ್ತಕದಲ್ಲಿ ಹುಡುಕಿದೆ: ಸಾಮಾನ್ಯ ಮರಗಪ್ಪೆ. 1830ರಲ್ಲಿ ಗ್ರೇ ಎಂಬ ವಿಜ್ಞಾನಿ ವರ್ಣಿಸಿದ್ದು. ಪಾಲಿಪೆಡೇಟಿಸ್ ಮ್ಯಾಕುಲೇಟಸ್, ಅಂದರೆ ಚುಕ್ಕೆಯುಳ್ಳದ್ದು. ಇಂಗ್ಲಿಷಿನಲ್ಲಿ ಇದಕ್ಕೆ ‘ಸುಣ್ಣದ ಕಪ್ಪೆ’ ಎಂಬರ್ಥದ ಹೆಸರೂ ಉಂಟು. ನೀರಿನ ಮೇಲಕ್ಕೆ ಚಾಚಿದ ಎಲೆಗೋ ಗೋಡೆಗೋ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿಗಳು ಅಲ್ಲಿಂದ ನೀರಿಗೆ ಬೀಳುತ್ತವೆ. ಹುಳಹುಪ್ಪಡಿ ತಿಂದು ಬದುಕುವ ಇದರಿಂದ ಮನುಷ್ಯನಿಗೆ ಅಪಾಯವಿಲ್ಲ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೋದ ವರ್ಷದ್ದೂ ಇದೇ ಆಗಿತ್ತಲ್ಲ!

ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ, ಹೆಸರಿನಲ್ಲೇ ಕಪ್ಪೆಯಿರುವ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು, ಕನ್ನಡ ತ್ರಿಪದಿಯ ಬಹಳ ಹಳೆಯ ಉದಾಹರಣೆ. ಅವನು ಒಳ್ಳೆಯವರಿಗೆ ಒಳ್ಳೆಯವನು, ಪೀಡಿಸುವವರಿಗೆ ಕಠಿಣ ಎಂಬುದು ಅದರ ತಾತ್ಪರ್ಯ. ಚಿಕ್ಕಂದಿನಿಂದ ಇದು ನ್ಯಾಯವಾದ ಮಾತೆಂದೇ ನಂಬಿದ್ದೆ. ಆದರೆ ಈ ನ್ಯಾಯ ನಡೆಯಬೇಕಾದರೆ ಎದುರಿಗಿರುವವರು ಯಾರೆಂದು ಮೊದಲು ತಿಳಿಯಬೇಕಲ್ಲವೆ? ನಾನು ಆ ಒಂದು ಮೆಟ್ಟಿಲನ್ನು ಹಾರಿ ನೇರ ಶಿಕ್ಷೆಗೆ ಹೋಗಿದ್ದೆ. ಕಪ್ಪೆ ತನ್ನ ಪರವಾಗಿ ಸಾಕ್ಷಿ ನುಡಿಯಲಾರದು. ಹಾಗಾಗಿ ಗುರುತು ಹಚ್ಚುವ ಕೆಲಸ ನಮ್ಮ ಪಾಲಿಗೇ ಬರುತ್ತದೆ. ಅದು ಬರೀ ಹವ್ಯಾಸವಲ್ಲ, ವಿಚಾರಣೆ.

ಇನ್ನೊಂದು ಮಾತೂ ಕಾಡುತ್ತದೆ. ಹೆಸರು ಸಿಕ್ಕ ಮೇಲೆ ನಾನು ತೋರಿದ್ದು ದಯೆಯೆ? ಅಲ್ಲ, ಭಯ ಹೋಯಿತು, ಅಷ್ಟೇ. ಎರಡನೆಯ ಸಲ ಪುಸ್ತಕ ತೆರೆಯುವ ಮೊದಲು, ಇದೇನೆಂದು ತಿಳಿಯದೆಯೇ ಕೈ ತಡೆದೆನಲ್ಲ, ದಯೆ ಇದ್ದದ್ದು ಆ ಗಳಿಗೆಯಲ್ಲಿ. ಒಂದು ವರ್ಷ ತಡವಾಗಿ ಬಂತು.

ಈಗ ಹಂಡೆಗೆ ಮುಚ್ಚಳ ಮಾಡಿಸಿದ್ದೇವೆ. ಅವ್ವನ ಅಂಜಿಕೆಗೆ ಅಷ್ಟು ಸಾಕಾಗಿತ್ತು, ಅಂದೂ ಕೂಡ.